ಊರಲ್ಲಿ ಖರ್ಚು ಕಡಿಮೆ, ಸರಿ. ಸಂಬಳ ಯಾರದ್ದು?

ಗಂಡನನ್ನು ಮಹೇಶ್ ಅನ್ನೋಣ, ಹೆಂಡತಿಯನ್ನು ಲತಾ. ಎರಡೂ ನಿಜವಾದ ಹೆಸರಲ್ಲ. ಗುರುತು ಸಿಗಬಾರದೆಂದು ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಊರು ತಿಪಟೂರು ಕಡೆ, ಕೆಲಸ ಬೆಂಗಳೂರಲ್ಲಿ. ಅದನ್ನು ಬದಲಿಸಿದರೆ ಪ್ರಕರಣವೇ ಬೇರೆ ಆಗಿಬಿಡುತ್ತದೆ.

ಮಹೇಶ್ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಯಂತ್ರ ನೋಡಿಕೊಳ್ಳುವವರು. ವಯಸ್ಸು ನಲವತ್ತರ ಹತ್ತಿರ. ಕೈಗೆ 26 ಸಾವಿರ ಬರುತ್ತದೆ. ಲತಾ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಕೈಗೆ 12 ಸಾವಿರ. ಮಕ್ಕಳಿಬ್ಬರು ಆರನೇ ಕ್ಲಾಸು, ಮೂರನೇ ಕ್ಲಾಸು. ಲಗ್ಗೆರೆಯಲ್ಲಿ ಸಣ್ಣ ಬಾಡಿಗೆ ಮನೆ. 2025ರ ಮಳೆಗಾಲದಲ್ಲಿ ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಹೇಳಿಕೊಂಡ ತೊಂದರೆ ದುಡ್ಡಿನದಲ್ಲ, ಗಂಡ ಹೆಂಡತಿ ಮಾತು ಬಿಟ್ಟಿರುವುದು. ಮಹೇಶ್ ಊರಿಗೆ ಹೋಗಿಬಿಡೋಣ ಎಂದಿದ್ದರು. ಲತಾ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಸುಮ್ಮನಾಗಿಬಿಟ್ಟಿದ್ದರು.

"ಎಲ್ಲಾ ಲೆಕ್ಕ ಹಾಕಿದೀನಿ ಮೇಡಂ. ಇವಳಿಗೆ ಅರ್ಥ ಆಗ್ತಿಲ್ಲ ಅಷ್ಟೇ," ಎಂದು ಮಹೇಶ್ ಒಂದು ಹಾಳೆ ಮುಂದಿಟ್ಟರು.

ಹಾಳೆಯ ಎಡಗಡೆ ಬೆಂಗಳೂರು. ಬಾಡಿಗೆ 9,500. ಮಕ್ಕಳ ಫೀಸು ತಿಂಗಳಿಗೆ ಹಂಚಿದರೆ 6,200. ದಿನಸಿ, ಹಾಲು, ತರಕಾರಿ 9,500. ಬೈಕಿನ ಕಂತು 3,200, ಚೀಟಿ 3,000, ಊರಿಗೆ ಕಳಿಸುವುದು 3,000, ಗ್ಯಾಸು, ಮೊಬೈಲು, ಅದೂ ಇದೂ 2,500. ಎಲ್ಲಾ ಸೇರಿ 36,900. ಇಬ್ಬರ ಸಂಬಳ 38 ಸಾವಿರದಲ್ಲಿ ಉಳಿಯುವುದು ಸಾವಿರ ಚಿಲ್ಲರೆ. ಇದರಲ್ಲಿ ಯಾವ ತಪ್ಪೂ ಇರಲಿಲ್ಲ.

ಬಲಗಡೆ ಊರು. ಬಾಡಿಗೆ ಇಲ್ಲ, ಹಾಲು ಮನೆಯದು, ಅಕ್ಕಿ ರೇಷನ್‌ದು, ಸರ್ಕಾರಿ ಶಾಲೆ. ಖರ್ಚು 13 ಸಾವಿರ. ಆದಾಯ ಎರಡು ಎಕರೆ ತೆಂಗಿನ ಕೊಬ್ಬರಿಯಿಂದ ತಿಂಗಳಿಗೆ ಹನ್ನೊಂದೂವರೆ ಸಾವಿರ, ಹೊಸದಾಗಿ ತರುವ ಎರಡು ಹಸುವಿನ ಹಾಲಿಂದ 12 ಸಾವಿರ. ಅಂದರೆ ಬೆಂಗಳೂರಲ್ಲಿ ಉಳಿಯದ ಹತ್ತು ಸಾವಿರ ಊರಲ್ಲಿ ಆರಾಮಾಗಿ ಉಳಿಯುತ್ತದೆ! ಓದಿದರೆ ಯಾರಿಗಾದರೂ ನಾಳೆಯೇ ಬಸ್ಸು ಹತ್ತಬೇಕು ಅನಿಸುವಂಥ ಲೆಕ್ಕ.

ಇಂಥ ಹಾಳೆಗಳು ನನ್ನ ಮುಂದೆ ಆಗಾಗ ಬರುತ್ತವೆ. ಖರ್ಚಿನ ಪಟ್ಟಿ ಪೈಸೆ ಪೈಸೆ ಸರಿ ಇರುತ್ತದೆ, ಆದಾಯದ ಪಟ್ಟಿ ಆಸೆಯಿಂದ ಬರೆದಿದ್ದಾಗಿರುತ್ತದೆ. ಖರ್ಚು ಕಡಿಮೆ ಆದ ಮಾತ್ರಕ್ಕೆ ಜೀವನ ಕೈಗೆಟುಕುತ್ತದೆ ಎಂದೇನಿಲ್ಲ. 13 ಸಾವಿರದ ಖರ್ಚೂ ಭಾರವೇ, ಕೈಗೆ ಬರುವುದು 9 ಸಾವಿರ ಆದರೆ.

ಮೊದಲು ಕೊಬ್ಬರಿ ವಿಷಯ. ಅವರು ಹಾಕಿದ್ದ ಬೆಲೆ ಕ್ವಿಂಟಲ್‌ಗೆ 20 ಸಾವಿರ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ 20 ಸಾವಿರ ದಾಟಿದ್ದು ನಿಜ. ಆದರೆ ಎರಡೇ ವರ್ಷ ಹಿಂದೆ, 2023ರಲ್ಲಿ, ಅದೇ ಮಾರುಕಟ್ಟೆಯಲ್ಲಿ ಬೆಲೆ 9 ಸಾವಿರಕ್ಕೂ ಕೆಳಗೆ ಇಳಿದಿತ್ತು. ಆಗಿನ ಬೆಂಬಲ ಬೆಲೆ 11,750. ಆ ಬೆಲೆಯೂ ಸಿಗದೆ ಜನ ಬೀದಿಗಿಳಿದದ್ದು ಮಹೇಶ್‌ಗೆ ಗೊತ್ತಿರದ ವಿಷಯವೇನಲ್ಲ. ಅವರಪ್ಪನೇ ಆಗ ಸಿಕ್ಕ ಬೆಲೆಗೆ ಕೊಟ್ಟು ಕೈತೊಳೆದುಕೊಂಡಿದ್ದರು. ಬೆಲೆ ಏರಿದ ವರ್ಷ ಹಳೇ ವರ್ಷ ಮರೆತುಹೋಗುತ್ತದೆ, ಅಷ್ಟೇ.

ನಾನು ಹೇಳಿದ್ದು ಇಷ್ಟು: ಹೊಟ್ಟೆಪಾಡಿನ ಲೆಕ್ಕವನ್ನು ಬೆಂಬಲ ಬೆಲೆಯಲ್ಲಿ ಹಾಕಿ. 2025ಕ್ಕೆ ಉಂಡೆ ಕೊಬ್ಬರಿಗೆ ಅದು 12,100. ಇವರ ತೋಟದಿಂದ ವರ್ಷಕ್ಕೆ ಏಳು ಕ್ವಿಂಟಲ್ ಅಂದರೆ 84,700. ಕಾಯಿ ಕೀಳಿಸುವ ಕೂಲಿ, ಸುಲಿಸುವ ಕೂಲಿ, ಉಳುಮೆ, ಗೊಬ್ಬರ ಎಂದು ಕಾಲು ಭಾಗ ಕಳೆದರೆ ತಿಂಗಳಿಗೆ 5,200ರ ಆಸುಪಾಸು. ಮೇಲೆ ಬಂದರೆ ಬರಲಿ. ಅದು ಬಂದ ಮೇಲೆ ಖರ್ಚು ಮಾಡುವ ದುಡ್ಡು, ಬರುತ್ತದೆ ಎಂದು ನಂಬಿ ಮನೆ ಖಾಲಿ ಮಾಡುವ ದುಡ್ಡಲ್ಲ.

ಇನ್ನೊಂದು, ಈ ಐದು ಸಾವಿರ ತಿಂಗಳು ತಿಂಗಳು ಬರುವುದಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಮೊದಲ ವರ್ಷ ಅಟ್ಟದ ಮೇಲಿರುವುದು ಅಪ್ಪನ ಕಾಯಿ. ಅಷ್ಟಕ್ಕೂ ತೋಟ ಇರುವುದು ಅಪ್ಪನ ಹೆಸರಲ್ಲಿ. ಅಪ್ಪ ಅಮ್ಮ ಊಟ ಮಾಡುತ್ತಿರುವುದೂ ಅದರಲ್ಲೇ, ಸಾಲದಿದ್ದಕ್ಕೇ ಮಹೇಶ್ ತಿಂಗಳಿಗೆ ಮೂರು ಸಾವಿರ ಕಳಿಸುತ್ತಿರುವುದು. ಈಗಾಗಲೇ ಇಬ್ಬರು ಉಣ್ಣುತ್ತಿರುವ ತಟ್ಟೆಗೆ ಇನ್ನು ನಾಲ್ಕು ಕೈ ಹಾಕಿದರೆ ಅದನ್ನು ಹೊಸ ಆದಾಯ ಎನ್ನುವುದು ಹೇಗೆ? ಇದನ್ನು ಕೇಳಿದಾಗ ಮಹೇಶ್ ಮೊದಲ ಸಲ ಹಾಳೆಯಿಂದ ತಲೆ ಎತ್ತಿದರು.

ಊರಿನ ಖರ್ಚಿನಿಂದ ಗೃಹಲಕ್ಷ್ಮಿಯ ಎರಡು ಸಾವಿರವನ್ನೂ ಎರಡು ಸಲ ಕಳೆದಿದ್ದರು, ಅಮ್ಮನದೊಂದು, ಲತಾ ಅವರದೊಂದು. ಈ ದುಡ್ಡು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವ ಒಬ್ಬರಿಗೆ ಮಾತ್ರ. ಊರಿನ ಕಾರ್ಡಿಗೆ ಸೇರಿಕೊಂಡರೆ ಯಜಮಾನಿ ಅತ್ತೆಯೇ. ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ ಕರೆಂಟ್ ಫ್ರೀ ಇರುವುದರಿಂದ ಅಲ್ಲೂ ಉಳಿತಾಯ ಹೊಸದೇನಲ್ಲ. ಬೈಕಿನ ಕಂತು, ಚೀಟಿ ಎರಡನ್ನೂ ಊರಿನ ಪಟ್ಟಿಯಲ್ಲಿ ಬರೆದೇ ಇರಲಿಲ್ಲ. ಊರು ಬದಲಿಸಿದರೆ ಕಂತು ಮುಗಿಯುತ್ತಾ? ಮಕ್ಕಳಿಗೆ ಹೈಸ್ಕೂಲು ಬಂದರೆ ಓಡಾಟದ ಖರ್ಚು, ಮದುವೆ ಮುಂಜಿಗೆ ಮುಯ್ಯಿ, ಅಪ್ಪ ಅಮ್ಮನನ್ನು ತುಮಕೂರಿಗೋ ಹಾಸನಕ್ಕೋ ತೋರಿಸಿಕೊಂಡು ಬರುವುದು. ಬೆಂಗಳೂರಲ್ಲಿದ್ದರೆ ಮುಯ್ಯಿಗೆ ತಪ್ಪಿಸಿಕೊಳ್ಳಬಹುದು, ಊರಲ್ಲಿ ಆಗಲ್ಲ. ಇದೆಲ್ಲ ಸೇರಿಸಿದಾಗ 13 ಸಾವಿರ ಹೋಗಿ 23 ಸಾವಿರ ಆಯಿತು.

ಹಸುವಿನ ಸಾಲು ಉಳಿದಿತ್ತು. ಅಲ್ಲಿ 12 ಸಾವಿರ ಎಂದು ಬರೆದು ಪಕ್ಕದಲ್ಲಿ ಸಣ್ಣದಾಗಿ "ಲತಾ ನೋಡ್ಕೋತಾಳೆ" ಎಂದಿತ್ತು. ಲತಾ ಅವರ ಸಂಬಳದ ಸಾಲಿನಲ್ಲಿ ಸೊನ್ನೆ.

ಮುಂದಿನ ಸಲ ಲತಾ ಅವರನ್ನು ಒಬ್ಬರನ್ನೇ ಕರೆದು ಮಾತಾಡಿಸಿದೆ. ಮಾತು ಬಾರದ ಹೆಂಗಸೇನೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗೆ ಬಂದು ಕೂತರಲ್ಲ, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತಲ್ಲ, ಆ ಗುಂಪಿನಲ್ಲಿ ಇವರೂ ಇದ್ದರಂತೆ. ಅದನ್ನು ಹೇಳುವಾಗ ದನಿಯೇ ಬೇರೆ ಇತ್ತು.

"ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ ಹಾಲು ಕರೆಯೋದು ನನಗೇನೂ ಕಷ್ಟ ಅಲ್ಲ ಮೇಡಂ. ನಾನೂ ಹಳ್ಳಿಯವಳೇ. ಆದ್ರೆ ಡೈರಿ ಬಟವಾಡೆ ಅತ್ತೆ ಕೈಗೆ ಬರುತ್ತೆ. ಮಗಳಿಗೆ ಒಂದು ಪೆನ್ನು ತರಬೇಕು ಅಂದ್ರೂ ನಾನು ಕೇಳಬೇಕು. ಇಲ್ಲಿ ಹನ್ನೆರಡು ಸಾವಿರ ನನ್ನ ಅಕೌಂಟಿಗೆ ಬೀಳುತ್ತೆ. ಎಲ್ಲಾ ಮನೆಗೇ ಹಾಕ್ತೀನಿ, ಒಂದು ರೂಪಾಯಿ ಇಟ್ಕೊಳ್ಳಲ್ಲ. ಆದ್ರೂ ಅದು ನಂದು."

ಅತ್ತೆಯನ್ನು ಕೆಟ್ಟವರೆಂದು ಅವರು ಒಮ್ಮೆಯೂ ಹೇಳಲಿಲ್ಲ. ಅದು ಅತ್ತೆಯ ವಿಷಯವೂ ಅಲ್ಲ. ಊರಲ್ಲಿ ಖರ್ಚು ಕಡಿಮೆ ಎನ್ನುತ್ತೇವಲ್ಲ, ಅದರಲ್ಲಿ ಒಂದು ದೊಡ್ಡ ಪಾಲು ಮನೆಯ ಹೆಂಗಸಿನ ಕೂಲಿ ಇಲ್ಲದ ದುಡಿಮೆ. ಹಾಲು ಕೊಳ್ಳಬೇಕಾಗಿಲ್ಲ, ಏಕೆಂದರೆ ಯಾರೋ ಕರೆಯುತ್ತಾರೆ. ಸೌದೆ ಇದೆ, ಏಕೆಂದರೆ ಯಾರೋ ಗರಿ ಮಟ್ಟೆ ಒಟ್ಟಿ ಇಟ್ಟಿರುತ್ತಾರೆ. ಮಹೇಶ್ ಹಾಳೆಯಲ್ಲಿ ಆ ಯಾರೋ ಸಂಬಳ ಬಿಟ್ಟು ಬಂದ ಟೈಲರ್ ಆಗಿದ್ದರು.

ಆ ಸಣ್ಣ ಸಂಬಳದ ಹಿಂದೆ ಇನ್ನೂ ಎರಡು ವಿಷಯ ಇದ್ದವು. ಒಂದು ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ. ತಿಂಗಳ ವೇತನ 21 ಸಾವಿರದ ಒಳಗಿದ್ದವರಿಗೆ ಮಾತ್ರ ಅದು. ಮಹೇಶ್ ಆ ಮಿತಿ ದಾಟಿದ್ದಾರೆ, ಲತಾ ದಾಟಿಲ್ಲ. ಹಾಗಾಗಿ ಗಂಡ, ಮಕ್ಕಳ ಆಸ್ಪತ್ರೆ ಖರ್ಚು ನಡೆಯುತ್ತಿದ್ದದ್ದು ಹೆಂಡತಿಯ ಕಾರ್ಡಿನಲ್ಲಿ. ಇನ್ನೊಂದು ಪಿಎಫ್ ಜೊತೆಗಿನ ಪಿಂಚಣಿ. ಎರಡನೇ ಮಗು ಆದಾಗ ಕೆಲಸ ಬಿಟ್ಟು ಹಳೇ ದುಡ್ಡು ಪೂರ್ತಿ ತೆಗೆದುಬಿಟ್ಟಿದ್ದರು. ಮತ್ತೆ ಸೇರಿ ಏಳು ವರ್ಷ ಆಗಿದೆ. ಪಿಂಚಣಿಗೆ ಹತ್ತು ವರ್ಷ ಬೇಕು. ಸಿಗುವ ಪಿಂಚಣಿ ದೊಡ್ಡದೇನಲ್ಲ, ಆದರೆ ಈಗ ಬಿಟ್ಟು ದುಡ್ಡು ತೆಗೆದರೆ ಎರಡನೇ ಸಲವೂ ಮೊದಲಿನಿಂದ ಶುರು ಮಾಡಬೇಕು. ಬೇರೆ ಊರಲ್ಲಿ ಪಿಎಫ್ ಇರುವ ಕೆಲಸಕ್ಕೆ ಸೇರಿ ಪಿಎಫ್ ಖಾತೆಯ ಅದೇ ಯುಎಎನ್ ನಂಬರ್ ಕೊಟ್ಟರೆ ಈ ಏಳು ವರ್ಷ ಲೆಕ್ಕಕ್ಕೆ ಬರುತ್ತದೆ.

ಮಹೇಶ್ ಜೊತೆ ಒಬ್ಬರೇ ಇದ್ದಾಗ ನಾನು ಕೇಳಿದ್ದು ಒಂದೇ: ಊರಲ್ಲಿ ನಿಮ್ಮ ದಿನ ಹೇಗಿರುತ್ತೆ? ತೋಟದ ಬಗ್ಗೆ ಹೇಳುತ್ತಾರೆ ಎಂದುಕೊಂಡಿದ್ದೆ. "ರಾತ್ರಿ ಮಲಗ್ತೀನಿ ಮೇಡಂ," ಎಂದರು. ಒಂದು ವಾರ ಹಗಲು, ಒಂದು ವಾರ ರಾತ್ರಿ ಪಾಳಿ, ವರ್ಷಗಳಿಂದ. ನಿದ್ದೆ ಕೆಟ್ಟಿದೆ, ಬಿಪಿ ಬಂದಿದೆ, ಮಕ್ಕಳ ಮೇಲೆ ಕೂಗಾಡುತ್ತಾರೆ, ಆಮೇಲೆ ಒಬ್ಬರೇ ಕೂತು ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಬೇಕಾಗಿದ್ದದ್ದು ರಾತ್ರಿ ಪಾಳಿಯಿಂದ ಬಿಡುಗಡೆ. ಅದಕ್ಕೆ ಅವರಿಗೆ ಗೊತ್ತಿದ್ದ ಹೆಸರು ಊರು. ಜೊತೆಗೆ ವಯಸ್ಸಾದ ಅಪ್ಪ ಒಬ್ಬರೇ ತೋಟ ನೋಡುತ್ತಿದ್ದಾರೆ ಎಂಬ ಅಳುಕು.

ಇಬ್ಬರನ್ನೂ ಕೂರಿಸಿಕೊಂಡು ಹೊಸ ಹಾಳೆ ಬರೆಸಿದೆ. ಬರೆದದ್ದು ಲತಾ. ಕೊಬ್ಬರಿ 5,200. ಹಿಂಡಿ, ಬೂಸಾ, ಮೇವು, ಡಾಕ್ಟರು ಕಳೆದು ಹಾಲಿನದು 6 ಸಾವಿರ. ಅದೂ ಎರಡೂ ಹಸು ಕರೆಯುವ ತಿಂಗಳು, ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲಿಲ್ಲ. ಎರಡೂ ಸೇರಿ 11,200. ಖರ್ಚು 23 ಸಾವಿರ. ಕೊರತೆ ತಿಂಗಳಿಗೆ ಸುಮಾರು 12 ಸಾವಿರ, ಹೆಚ್ಚು ಕಡಿಮೆ ಲತಾ ಅವರ ಸಂಬಳದಷ್ಟು. ಅವರು ಪೆನ್ನು ಕೆಳಗಿಟ್ಟು ಗಂಡನ ಕಡೆ ನೋಡಿದರು. ಏನೂ ಹೇಳಲಿಲ್ಲ.

ಇಂಥ ಕೊರತೆ ಹಳ್ಳಿಗಳಲ್ಲಿ ಹೇಗೆ ತುಂಬುತ್ತದೆ ಎಂದು ಎಲ್ಲರಿಗೂ ಗೊತ್ತು. ಮೊದಲು ಅಂಗಡಿ ಬಾಕಿ, ಆಮೇಲೆ ಕೈಸಾಲ, ಆಮೇಲೆ ಹೆಂಡತಿ ಹೆಸರಲ್ಲಿ ವಾರದ ಕಂತಿನ ಮೈಕ್ರೋಫೈನಾನ್ಸ್. ಎಲ್ಲಾ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆದರೆ ಆದಾಯವನ್ನೇ ಹೆಚ್ಚು ಬರೆಸಿದರೆ ಅರ್ಧವೂ ಹೆಚ್ಚೇ ಆಗುತ್ತದೆ ಅಲ್ವಾ?

ನಾನು ಕೊಟ್ಟ ಸಲಹೆ ಊರು ಬೇಡ ಎಂದಲ್ಲ. ಮನೆಗೆ ಒಂದಾದರೂ ತಿಂಗಳ ಸಂಬಳ ಇರಲಿ, ಆಮೇಲೆ ಊರು ಎಂದೆ. ಅದಕ್ಕೆ ಹಳ್ಳಿ ಮತ್ತು ಬೆಂಗಳೂರಿನ ನಡುವೆ ಇರುವ ತುಮಕೂರನ್ನು ನೋಡಲು ಹೇಳಿದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಇವರ ಕೆಲಸ ಗೊತ್ತಿರುವವರು ಬೇಕಾಗುತ್ತಾರೆ. ಸಂಬಳ ಇಳಿಯುತ್ತದೆ, ಬಾಡಿಗೆಯೂ ಇಳಿಯುತ್ತದೆ. ತಿಪಟೂರಿಗೆ ನೇರ ರೈಲಿದೆ, ಭಾನುವಾರ ಹೋಗಿ ತೋಟ ನೋಡಿ ಬರಬಹುದು. ಲತಾ ಸರ್ಕಾರಿ ಬಸ್ಸಲ್ಲಿ ಬಂದುಹೋದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಇಲ್ಲ. ಕೆಲಸ ಕೇಳುವಾಗ ಸಂಬಳಕ್ಕಿಂತ ಮುಂಚೆ ಪಾಳಿ ಕೇಳಿ ಎಂದು ಮಹೇಶ್‌ಗೆ ಒತ್ತಿ ಹೇಳಿದೆ. ರಾತ್ರಿ ಪಾಳಿಯ 26 ಸಾವಿರಕ್ಕಿಂತ ಹಗಲಿನ 20 ಸಾವಿರ ಇವರಿಗೆ ಜಾಸ್ತಿ. ಬಿಪಿ, ನಿದ್ದೆಗೆ ಡಾಕ್ಟರ್ ಹತ್ತಿರ ಈಗಲೇ ಹೋಗಿ, ಊರು ಬದಲಾಗುವ ತನಕ ಕಾಯಬೇಡಿ ಎಂದೆ.

ಮಕ್ಕಳನ್ನು ವರ್ಷದ ನಡುವೆ ಶಾಲೆ ಬಿಡಿಸುವುದು ಬೇಡ, ಜೂನ್ ತನಕ ಕಾಯುವುದು. ಪಿಎಫ್ ತೆಗೆದು ಬೋರ್ ಕೊರೆಸುವ ಯೋಚನೆಯೂ ಮಹೇಶ್‌ಗೆ ಇತ್ತು. ಅದು ಮಾತ್ರ ಖಂಡಿತ ಬೇಡ ಎಂದೆ. ಆ ಸೀಮೆಯಲ್ಲಿ ಎಷ್ಟು ಅಡಿ ಇಳಿದರೂ ನೀರು ಬರುತ್ತೆ ಎನ್ನುವ ಖಾತ್ರಿ ಇಲ್ಲ. ತೋಟಕ್ಕೆ ದುಡ್ಡು ಬೇಕಾದರೆ ಅಪ್ಪನ ಹೆಸರಲ್ಲಿ ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆ ಸಾಲ ಕೇಳಬಹುದು. ಸಂಘದ ಸದಸ್ಯರಾಗಿದ್ದರೆ ಆಸ್ಪತ್ರೆ ಖರ್ಚಿಗಾಗುವ ಯಶಸ್ವಿನಿ ಕಾರ್ಡನ್ನೂ ವಿಚಾರಿಸಿ ಎಂದೆ. ಚೀಟಿ ದುಡ್ಡು ಬಂದಾಗ ಅದನ್ನು ಮುಟ್ಟದೆ ಇಡಬೇಕು, ಹಸು ತರುವುದಕ್ಕಲ್ಲ. ಮುಂದೆ ಎಂದಾದರೂ ಹಸು ಕಟ್ಟಿದರೆ, ಯಾರು ಕರೆಯುತ್ತಾರೋ ಅವರ ಖಾತೆಗೆ ಬಟವಾಡೆ. ಈ ಕೊನೆಯ ಮಾತಿಗೆ ಮಹೇಶ್ ನಕ್ಕರು. ಲತಾ ನಗಲಿಲ್ಲ, ಹಾಳೆಯಲ್ಲಿ ಬರೆದುಕೊಂಡರು.

ಆಮೇಲೆ ಮಹೇಶ್ ತುಮಕೂರಿನ ಆಚೆ ಹಗಲು ಪಾಳಿಯ ಕೆಲಸ ಹಿಡಿದರು, 20 ಸಾವಿರಕ್ಕೆ. ಸದ್ಯಕ್ಕೆ ಗೆಳೆಯನ ರೂಮಿನಲ್ಲಿದ್ದುಕೊಂಡು ವಾರಕ್ಕೊಮ್ಮೆ ಲಗ್ಗೆರೆಗೆ ಬರುತ್ತಾರೆ. ಲತಾ ತುಮಕೂರಲ್ಲಿ ಪಿಎಫ್ ಇರುವ ಗಾರ್ಮೆಂಟ್ಸ್ ಹುಡುಕುತ್ತಿದ್ದಾರೆ. ಹೇಳಿದ ಸಂಬಳ ಇಲ್ಲಿಗಿಂತ ಕಡಿಮೆ, ಅದಕ್ಕೆ ಇನ್ನೂ ಒಪ್ಪಿಲ್ಲ. ಹಸು ಬೇಡ ಎಂದಿದ್ದೆ. ಅಪ್ಪನ ಒತ್ತಾಯಕ್ಕೆ ಒಂದು ತಂದಿದ್ದಾರೆ. ನೋಡಿಕೊಳ್ಳುವವರು ಅಮ್ಮ, ಬಟವಾಡೆಯೂ ಅಮ್ಮನ ಖಾತೆಗೆ. ಹಾಗಾಗಿ ಊರಿಗೆ ಕಳಿಸುವ ಮೂರು ಸಾವಿರವನ್ನು ಎರಡಕ್ಕೆ ಇಳಿಸಬಹುದೇ ಎಂದು ಇಬ್ಬರೂ ಈಗ ಮಾತಾಡಿಕೊಳ್ಳುತ್ತಿದ್ದಾರೆ.