ನರ್ಸರಿಯ ವೆಬ್‌ಸೈಟ್‌ಗೆ ಜನ ಮತ್ತೆ ಮತ್ತೆ ಬರಬೇಕಾದರೆ ವಾರಕ್ಕೊಂದು ಲೇಖನ ಹಾಕಲೇಬೇಕೇ?

ಮಲೆನಾಡಿನಲ್ಲಿ ನರ್ಸರಿ ನಡೆಸುತ್ತಿರುವ ತಾವು, ವೆಬ್‌ಸೈಟ್‌ಗೆ ಒಮ್ಮೆ ಬಂದವರು ಮತ್ತೆ ಇಣುಕುತ್ತಿಲ್ಲ, ವಾರಕ್ಕೊಂದು ಲೇಖನ ಹಾಕಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಕೃಷಿಗೆ ಸಂಬಂಧಿಸಿದ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ನನ್ನ ಸಲಹೆಯೆಂದರೆ, ಲೇಖನಗಳ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ಗ್ರಾಹಕರಿಗೆ ಬೇಕಾದ ಮತ್ತು ದಿನದಿನಕ್ಕೆ ಬದಲಾಗುವ ಒಂದೇ ಒಂದು ಮಾಹಿತಿಯನ್ನು ಆರಿಸಿಕೊಂಡು ಅದನ್ನು ತಪ್ಪದೆ ಪರಿಷ್ಕರಿಸುತ್ತಾ ಬನ್ನಿ.

ಮುಂಗಾರಿನಲ್ಲಿ ಕೆಆರ್‌ಎಸ್ ಜಲಾಶಯದ ಮಟ್ಟ ಅದರ ಗರಿಷ್ಠವಾದ 124.80 ಅಡಿಗೆ ಎಷ್ಟು ಹತ್ತಿರವಾಯಿತೆಂದು ಮಂಡ್ಯದ ರೈತರು ಪ್ರತಿದಿನ ನೋಡುತ್ತಾರೆ; ಶಿರಸಿಯ ಬೆಳೆಗಾರರು ಅಡಿಕೆಯ ರಾಶಿ, ಚಾಲಿ ಬಗೆಗಳ ಧಾರಣೆ ನೋಡುತ್ತಾರೆ. ನಿನ್ನೆಯ ಅಂಕಿ ಇಂದಿಗೆ ಆಗದು ಎಂಬುದೇ ಅವರನ್ನು ಮತ್ತೆ ಕರೆತರುತ್ತದೆ. ನಾಸಾದ ‘ದಿನದ ಖಗೋಳ ಚಿತ್ರ’ ಪುಟ 1995ರ ಜೂನ್ 16ರಂದು ಆರಂಭವಾಯಿತು. ಅದರ ವಿನ್ಯಾಸ ಇಂದಿಗೂ ತೀರಾ ಸರಳವಾಗಿದ್ದರೂ, ದಿನಕ್ಕೊಂದು ಚಿತ್ರ ಮತ್ತು ಕೆಳಗೊಂದು ಪುಟ್ಟ ವಿವರಣೆ ಎಂಬ ಕ್ರಮವನ್ನು ನಂಬಿ ಓದುಗರು ಬರುತ್ತಾರೆ.

ನಿಮ್ಮಲ್ಲಿ ಹಾಗೆ ಬದಲಾಗುವುದು ಗಿಡಗಳ ದಾಸ್ತಾನು. ‘ಎಲ್ಲ ಬಗೆಯ ಕಸಿ ಗಿಡಗಳು ಲಭ್ಯ’ ಎಂಬ ಸಾಲನ್ನು ಎರಡನೆಯ ಸಲ ಓದಲು ಯಾರಿಗೂ ಕಾರಣವಿರುವುದಿಲ್ಲ. ಅದರ ಬದಲು, ‘ಅಪ್ಪೆಮಿಡಿ ಕಸಿ: ಮುಗಿದಿದೆ, ಮುಂದಿನ ತಂಡ ಜುಲೈ ಮೊದಲ ವಾರ; ಕಾಳುಮೆಣಸು, ಪಣಿಯೂರು-1 ತಳಿ: ಬೇರು ಬಿಟ್ಟ ಬಳ್ಳಿ ಸಿದ್ಧ’ ಎಂದು ಬರೆದು, ಬೆಲೆಯನ್ನೂ ಪರಿಷ್ಕರಿಸಿದ ದಿನಾಂಕವನ್ನೂ ಕೊಟ್ಟರೆ, ಮಳೆ ಹಿಡಿಯುವುದನ್ನೇ ಕಾಯುತ್ತಿರುವ ತೋಟದವರು ಜುಲೈಯಲ್ಲಿ ತಾವಾಗಿಯೇ ಪುಟ ತೆರೆಯುತ್ತಾರೆ. ಮುಗಿದದ್ದನ್ನು ಮುಗಿದಿದೆ ಎಂದೇ ಬರೆಯಿರಿ. ದೂರದಿಂದ ಜೀಪು ಮಾಡಿಕೊಂಡು ಬಂದವರು ಬರಿಗೈಯಲ್ಲಿ ಹಿಂತಿರುಗಿದರೆ ವೆಬ್‌ಸೈಟನ್ನಷ್ಟೇ ಅಲ್ಲ, ನರ್ಸರಿಯನ್ನೂ ನಂಬುವುದಿಲ್ಲ.

ಋತುವಿಗೆ ತಕ್ಕ ಮಾಹಿತಿಗೆ ಪ್ರತಿವರ್ಷ ಹೊಸ ಪುಟ ಬೇಡ. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೊ ದ್ರಾವಣ ತಯಾರಿಸುವ ಕ್ರಮ (100 ಲೀಟರ್ ನೀರಿಗೆ ಮೈಲುತುತ್ತ ಮತ್ತು ಸುಣ್ಣ ತಲಾ 1 ಕಿಲೋ) ವರ್ಷವರ್ಷಕ್ಕೆ ಬದಲಾಗುವುದಿಲ್ಲ. ಒಂದೇ ವಿಳಾಸದಲ್ಲಿ ಒಂದೇ ಪುಟವಿರಲಿ. ಮಳೆಗಾಲಕ್ಕೆ ಮುಂಚೆ ಅದನ್ನು ಮುಖಪುಟಕ್ಕೆ ತಂದು, ಈ ವರ್ಷದ ಮಳೆಯ ರೀತಿ ಮತ್ತು ಗ್ರಾಹಕರು ಕೇಳಿದ ಹೊಸ ಪ್ರಶ್ನೆಗಳ ಉತ್ತರಗಳನ್ನು ಸೇರಿಸಿ. ವಿಳಾಸ ಬದಲಾಗದಿದ್ದರೆ ಹಿಂದೆ ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡ ಕೊಂಡಿಗಳೂ ಕೆಲಸ ಮಾಡುತ್ತಿರುತ್ತವೆ. ಒಳಗಿನ ವಿಷಯ ಮುಟ್ಟದೆ ದಿನಾಂಕವನ್ನಷ್ಟೇ ತಿದ್ದುವ ಚಾಳಿ ಮಾತ್ರ ಬೇಡ. ಅದು ಓದುಗರಿಗೆ ಮಾಡುವ ಮೋಸ. ಗೂಗಲ್ ಕೂಡ ತನ್ನ ಮಾರ್ಗಸೂಚಿಯಲ್ಲಿ ಅದನ್ನು ಎಚ್ಚರಿಕೆಯ ಲಕ್ಷಣವೆಂದೇ ಎಣಿಸುತ್ತದೆ.

ಹಬ್ಬದ ಶುಭಾಶಯಗಳ ಚಿತ್ರಗಳನ್ನು ಮುಖಪುಟದಿಂದ ತೆಗೆದುಬಿಡಿ. ಸಂಕ್ರಾಂತಿಯ ಎಳ್ಳುಬೆಲ್ಲ ಮೇ ತಿಂಗಳಲ್ಲೂ ಅಲ್ಲೇ ಇದ್ದರೆ ಉಳಿದ ಮಾಹಿತಿಯೂ ಹಳೆಯದೇ ಎಂದು ಜನ ಭಾವಿಸುತ್ತಾರೆ.

ಇಷ್ಟೆಲ್ಲ ನಡೆಯಬೇಕಾದರೆ, ದಾಸ್ತಾನಿನ ಪುಟವನ್ನು ತಿದ್ದುವ ಅಧಿಕಾರ ವೆಬ್‌ಸೈಟ್ ಮಾಡಿಕೊಟ್ಟವರ ಬಳಿ ಉಳಿಯಬಾರದು. ಸಂಜೆ ಗಿಡಗಳ ಲೆಕ್ಕ ಬರೆಯುವವರು ಯಾರೋ, ಅವರೇ ತಮ್ಮ ಮೊಬೈಲಿನಿಂದ ಅಲ್ಲಿಯೇ ನಿಂತು ಬದಲಾಯಿಸುವಂತೆ ವ್ಯವಸ್ಥೆ ಮಾಡಿಸಿಕೊಳ್ಳಿ.