ಜರ್ಮನಿಯಲ್ಲಿ ಬಲಗಡೆ ಓಡಿಸೋದು ಕಷ್ಟವಲ್ಲ, ಕ್ರಾಸ್ ದಾಟೋದು ಕಷ್ಟ

ದಾವಣಗೆರೆಯಲ್ಲಿ ಕಾರು ಓಡಿಸಿ ಪಳಗಿದ್ದೀರಿ, ಈಗ ಕೆಲಸಕ್ಕೆ ಜರ್ಮನಿಗೆ ಹೊರಟಿದ್ದೀರಿ. ಅಲ್ಲಿ ಬಲಗಡೆ ಓಡಿಸೋದು ರೂಢಿಯಾಗೋಕೆ ಎಷ್ಟು ದಿನ ಬೇಕು, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಸಾಕಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನವನು. ಹೋಗುವಾಗ ನನಗೂ ಇದೇ ಚಿಂತೆ ಇತ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸ್ಟೇರಿಂಗ್ ಎಡಗಡೆ ಇರುತ್ತದೆ, ಮುಂದಿನ ಗಾಡಿ ಬಲಗಡೆ ಹೋಗುತ್ತದೆ, ನೀವೂ ಅದರ ಹಿಂದೆ ಹೋಗುತ್ತೀರಿ. ಕೆಲವೇ ದಿನಕ್ಕೆ ಕೈ ಕೂರುತ್ತದೆ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಮನೆಗಳಿರುವ ರಸ್ತೆ, 30 ಕಿ.ಮೀ. ಮಿತಿ. ಬಲಗಡೆಯಿಂದ ಒಂದು ಸಣ್ಣ ಕ್ರಾಸ್ ಬಂದು ಸೇರುತ್ತಿತ್ತು. ಸಿಗ್ನಲ್ ಇಲ್ಲ, ಬೋರ್ಡ್ ಇಲ್ಲ. ಅಲ್ಲಿಂದ ಒಂದು ಬಿಳಿ ವ್ಯಾನ್ ಬಂತು. ನಾನು ನೋಡಲಿಲ್ಲ ಅಂತಲ್ಲ, ಚೆನ್ನಾಗಿಯೇ ನೋಡಿದೆ. ದೊಡ್ಡ ರಸ್ತೆಯಲ್ಲಿ ಇರುವವನು ನಾನು, ಅವನೇ ನಿಲ್ಲುತ್ತಾನೆ ಅಂದುಕೊಂಡೆ. ಅವನು ನಿಲ್ಲಲಿಲ್ಲ. ನಿಲ್ಲಬೇಕಾಗಿಯೂ ಇರಲಿಲ್ಲ. ಬೋರ್ಡ್ ಇಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವ ಗಾಡಿಗೇ ಮೊದಲ ದಾರಿ. ರಸ್ತೆ ಅಗಲವೋ ಕಿರಿದೋ, ಲೆಕ್ಕಕ್ಕಿಲ್ಲ. ನನ್ನ ಕಾರಿನ ಬಲಗಡೆಯ ಎರಡೂ ಬಾಗಿಲು ಒಳಗೆ ಹೋದವು.

ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮೂರಲ್ಲಿ ಕ್ರಾಸ್ ಬಂದರೆ ಹಾರ್ನ್ ಹೊಡೆದು ಆ ಕಡೆಯವನ ಮುಖ ನೋಡುತ್ತೇವೆ. ಅವನು ಸ್ವಲ್ಪ ಅಳುಕಿದರೆ ನುಗ್ಗುತ್ತೇವೆ, ಇಲ್ಲದಿದ್ದರೆ ಬ್ರೇಕ್ ಹಾಕುತ್ತೇವೆ. ಕೊನೇ ಗಳಿಗೆಯವರೆಗೂ ಇಬ್ಬರ ಕಾಲೂ ಬ್ರೇಕ್ ಹತ್ತಿರವೇ ಇರುತ್ತದೆ, ಅದಕ್ಕೇ ಹೇಗೋ ನಡೆಯುತ್ತದೆ. ಆ ವ್ಯಾನಿನವನು ನನ್ನ ಮುಖ ನೋಡಲೇ ಇಲ್ಲ. ದಾರಿ ತನ್ನದು ಅಂತ ಅವನಿಗೆ ಗೊತ್ತಿತ್ತು. ಅವನು ಕೊಟ್ಟೇ ಇಲ್ಲದ ಒಪ್ಪಿಗೆಯನ್ನು ನಂಬಿ ನಾನು ಮುಂದೆ ಹೋದೆ. ನನ್ನ ತಪ್ಪು ಅಷ್ಟೇ, ಆದರೆ ಪೂರ್ತಿ ನನ್ನದೇ. ದಂಡ ಬಿತ್ತು, ಒಂದು ಪಾಯಿಂಟೂ ಬಿತ್ತು. ಅಲ್ಲಿ 8 ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ. ನನ್ನ ಹತ್ತಿರ ಇದ್ದದ್ದು ಕಡ್ಡಾಯದ ವಿಮೆ ಮಾತ್ರ. ವ್ಯಾನಿನ ರಿಪೇರಿಗೆ ಅದು ಕೊಟ್ಟಿತು, ನನ್ನ ಬಾಗಿಲುಗಳ ಖರ್ಚು ನನ್ನ ಜೇಬಿನಿಂದ.

ಆಮೇಲೆ ಓದಿ ನೋಡಿದರೆ, ಬಲಗಡೆಯವರಿಗೆ ದಾರಿ ಬಿಡಿ ಅನ್ನೋದು 2017ರವರೆಗೆ ಜಾರಿಯಲ್ಲಿದ್ದ ನಮ್ಮ 1989ರ ರಸ್ತೆ ನಿಯಮಗಳಲ್ಲೇ ಇತ್ತು! ಮುಖ್ಯರಸ್ತೆ ಅಂತ ಗುರುತಾಗಿದ್ದರೆ ಅದಕ್ಕೆ ಮೊದಲ ದಾರಿ, ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ. ನಾನಂತೂ ಯಾರೂ ಪಾಲಿಸಿದ್ದು ನೋಡಿಲ್ಲ. ಹಾಗಾಗಿ ಯಾವ ದೇಶದಲ್ಲಿ ಯಾವ ನಿಯಮ ಬೇರೆ ಅಂತ ಪಟ್ಟಿ ಮಾಡಿಕೊಂಡರೆ ಪ್ರಯೋಜನ ಕಡಿಮೆ. ಬದಲಾಗಬೇಕಾದದ್ದು ಕಾಲಿಗೆ ಅಂಟಿರುವ ಅಭ್ಯಾಸ. ಹೆಡ್‌ಲೈಟ್ ಕೂಡ ಹಾಗೇ. ಚಿತ್ರದುರ್ಗದ ಹೈವೇಯಲ್ಲಿ ಎದುರಿನವನು ಲೈಟ್ ಮಿಣುಕಿಸಿದರೆ 'ನಾನು ಬರ್ತಿದ್ದೀನಿ, ನಿಲ್ಲು' ಅಂತ ಅಲ್ವಾ? ಜರ್ಮನಿಯಲ್ಲಿ ಊರೊಳಗೆ ಮಿಣುಕಿಸಿದರೆ ಬಹಳ ಸಲ 'ನೀವು ಹೋಗಿ' ಅಂತ.

ಪರ್ಮಿಟ್ ಆರ್‌ಟಿಓದಲ್ಲಿ ಮಾಡಿಸಿಕೊಂಡೇ ಹೋಗಿ. ಆದರೆ ಅದು ನಿಮ್ಮ ಲೈಸೆನ್ಸಿನ ಅನುವಾದ ಇದ್ದ ಹಾಗೆ ಅಷ್ಟೇ. ಅಲ್ಲಿ ನೆಲೆಸಿದ ಮೇಲೆ ನಮ್ಮ ಲೈಸೆನ್ಸ್ ನಡೆಯೋದು 6 ತಿಂಗಳು. ಆಮೇಲೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಪಾಸಾಗಬೇಕು. 6 ತಿಂಗಳು ಮುಗಿಯಲಿ ಅಂತ ಕಾಯಬೇಡಿ, ಅಲ್ಲಿಗೆ ಹೋದ ಮೊದಲ ತಿಂಗಳೇ ಡ್ರೈವಿಂಗ್ ಸ್ಕೂಲ್ ಸೇರಿ. ಹೈವೇ ಆಮೇಲೆ, ಮೊದಲು 30ರ ಮಿತಿಯ ಬೀದಿಗಳಲ್ಲಿ ಕಲಿಸಿ ಅಂತ ಕೇಳಿ.

ಹೊರಡುವ ಮೊದಲು ವಿದ್ಯಾನಗರದ ಕ್ರಾಸ್‌ಗಳಲ್ಲಿ ಹಾರ್ನ್ ಮುಟ್ಟದೆ, ಬಲಗಡೆಯವರಿಗೆ ದಾರಿ ಬಿಟ್ಟು ಓಡಿಸಿ ನೋಡಿ. ಹಿಂದಿನವರು ಬೈಯುತ್ತಾರೆ, ಬೈಯಲಿ.