ಮಗುವಿನ ಮೈಯಲ್ಲಿ ಸೀಸ: ಕೂದಲಲ್ಲ, ರಕ್ತ ನೋಡಿಸಿ

ಪ್ರಶ್ನೆ: ನಮ್ಮ ಯಜಮಾನರು ದಾವಣಗೆರೆಯಲ್ಲಿ ಹಳೇ ಬ್ಯಾಟರಿ ಬಿಚ್ಚುವ ಗುಜರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಮಗನಿಗೆ ಮೂರು ವರ್ಷ. ಮಣ್ಣು ತಿನ್ನುತ್ತಾನೆ, ಊಟ ಸೇರುವುದಿಲ್ಲ, ಆಗಾಗ ಹೊಟ್ಟೆನೋವು ಅಂತಾನೆ. ಹಿಮೋಗ್ಲೋಬಿನ್ 8.6 ಬಂದಿದೆ, ಕಬ್ಬಿಣದ ಸಿರಪ್ ಕೊಟ್ಟಿದ್ದಾರೆ. ಕೂದಲು ಕಳಿಸಿದರೆ ಇಪ್ಪತ್ತು ಲೋಹ ಒಟ್ಟಿಗೇ ಗೊತ್ತಾಗುತ್ತೆ ಎಂದು ಒಬ್ಬರು ಹೇಳಿದರು. ಲೋಹ ಹೊರಗೆ ಎಳೆಯುವ ಮಾತ್ರೆ ಕೊಟ್ಟು ಮೂತ್ರ ಪರೀಕ್ಷೆ ಮಾಡೋಣ ಎಂದು ಇನ್ನೊಬ್ಬರು. ಯಾವುದನ್ನು ಮಾಡಿಸಲಿ?
— ಓದುಗರು, ದಾವಣಗೆರೆ

ಉತ್ತರ: ಎರಡೂ ಬೇಡ. ಬ್ಯಾಟರಿಯ ಪ್ಲೇಟ್ ಅಂದರೆ ಸೀಸ. ಅನುಮಾನ ಯಾವ ಲೋಹದ ಮೇಲೆ ಎಂದು ಗೊತ್ತಿರುವಾಗ ಇಪ್ಪತ್ತು ಲೋಹಕ್ಕೆ ದುಡ್ಡು ಸುರಿಯುವುದೇಕೆ? ಬೇಕಾಗಿರುವುದು ಒಂದೇ: ತೋಳಿನ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸೀಸದ ಪ್ರಮಾಣ. ಮಕ್ಕಳ ವೈದ್ಯರಿಗೆ 'ಬ್ಲಡ್ ಲೆಡ್ ಲೆವೆಲ್' ಅಂದರೆ ಚೀಟಿ ಬರೆದುಕೊಡುತ್ತಾರೆ.

ಕೂದಲಿನ ತೊಂದರೆ ನಿಮ್ಮ ಮನೆಯಲ್ಲೇ ಇದೆ. ಅಪ್ಪನ ಬಟ್ಟೆಯಿಂದ ಹಾರಿ ಮಗುವಿನ ತಲೆಗೆ ಅಂಟಿದ ಧೂಳು ಯಾವುದು, ಮೈಯೊಳಗಿಂದ ಕೂದಲಿಗೆ ಸೇರಿದ್ದು ಯಾವುದು ಎಂದು ಲ್ಯಾಬಿನವರು ಬೇರೆ ಮಾಡಿ ಹೇಳಲಾರರು. ಇಷ್ಟಿದ್ದರೆ ಸರಿ, ಇಷ್ಟು ಮೀರಿದರೆ ಕಾಯಿಲೆ ಎನ್ನುವ ಒಪ್ಪಿತ ಅಳತೆಯೂ ಕೂದಲಿಗಿಲ್ಲ.

ಮಾತ್ರೆ ಕೊಟ್ಟು ಮೂತ್ರ ಹಿಡಿಯುವುದು ಇನ್ನೂ ಕೆಟ್ಟದ್ದು. ಆ ಔಷಧಿ ಯಾರಿಗೆ ಕೊಟ್ಟರೂ ಮೂತ್ರದಲ್ಲಿ ಲೋಹ ಏರುತ್ತದೆ. ಆ ಅಂಕಿಯನ್ನು ಮಾತ್ರೆ ತಿನ್ನದವರ ಅಳತೆಯ ಪಕ್ಕ ಇಟ್ಟು ಕೆಂಪು ಗೆರೆ ಎಳೆದರೆ ಎಲ್ಲರೂ ರೋಗಿಗಳೇ. ಅಪಾಯವೂ ಉಂಟು: 2005ರಲ್ಲಿ ಅಮೆರಿಕದಲ್ಲಿ ಲೋಹ ತೆಗೆಯುವ ಚಿಕಿತ್ಸೆ ಪಡೆದ ಇಬ್ಬರು ಮಕ್ಕಳು ರಕ್ತದ ಕ್ಯಾಲ್ಸಿಯಂ ಕುಸಿದು ತೀರಿಕೊಂಡರು. ಈ ಔಷಧಿಗಳು ಚಿಕಿತ್ಸೆಗೆ, ಅದೂ ಪ್ರಮಾಣ ಗೊತ್ತಾದ ಮೇಲೆ, ಆಸ್ಪತ್ರೆಯವರ ಕಣ್ಣೆದುರಲ್ಲಿ.

ಇನ್ನು ರಕ್ತ ಕೊಡುವ ವಿಚಾರ. ಎಡವಟ್ಟು ಹೆಚ್ಚಾಗುವುದು ಇಲ್ಲೇ. ರಕ್ತದಲ್ಲಿರುವ ಸೀಸದ ಬಹುಪಾಲು ಕೆಂಪುಕಣಗಳಲ್ಲಿರುತ್ತದೆ. ಆದ್ದರಿಂದ ಹೆಪ್ಪುಗಟ್ಟಿಸಿ ಸೀರಂ, ಅಂದರೆ ಕಣಗಳಿಲ್ಲದ ತಿಳಿ ದ್ರವ, ಬೇರೆ ಮಾಡಿ ಕಳಿಸಿದರೆ ಪರೀಕ್ಷೆ ಕೆಟ್ಟಂತೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್ ಬೇಕು. ಲೋಹ ಪರೀಕ್ಷೆಗೆಂದೇ ಬರುವ ಗಾಢ ನೀಲಿ ಮುಚ್ಚಳದ ಇಡಿಟಿಎ ಟ್ಯೂಬ್ ಸಿಕ್ಕರೆ ಒಳ್ಳೆಯದು. ನೇರಳೆ ಮುಚ್ಚಳದ್ದನ್ನೂ ಕೆಲವು ಲ್ಯಾಬ್‌ಗಳು ಒಪ್ಪುತ್ತವೆ, ಮೊದಲೇ ಫೋನ್ ಮಾಡಿ ಕೇಳಿ. ಸ್ಯಾಂಪಲ್ ಬೆಂಗಳೂರಿಗೋ ಮುಂಬೈಗೋ ಹೋಗುವುದಾದರೆ ತಂಪಾಗಿಟ್ಟು ಕಳಿಸಬೇಕು, ಫ್ರೀಜ್ ಮಾಡಬಾರದು. ಖಾಲಿ ಹೊಟ್ಟೆ ಬೇಕಿಲ್ಲ, ಸಿರಪ್ ನಿಲ್ಲಿಸಬೇಕಿಲ್ಲ.

ಬೆರಳು ಚುಚ್ಚಿ ನೋಡುವ ವಿಧಾನವೂ ಇದೆ, ಆದರೆ ಬೆರಳ ಮೇಲಿನ ಧೂಳೇ ಹನಿಗೆ ಸೇರಿ ಅಂಕಿ ಹೆಚ್ಚು ಬರುತ್ತದೆ. ಮಣ್ಣಾಡುವ ಮಗುವಿಗೆ ಸೋಪು ಹಚ್ಚಿ ಕೈ ತೊಳೆಸದೆ ಚುಚ್ಚಿದರೆ ಆ ರಿಪೋರ್ಟ್ ನಂಬುವಂತಿಲ್ಲ. ಅದರಲ್ಲಿ ಹೆಚ್ಚು ಬಂದರೂ ತೋಳಿನ ರಕ್ತ ಕೊಟ್ಟೇ ಖಾತ್ರಿ ಮಾಡಿಕೊಳ್ಳಬೇಕು. ಪರೀಕ್ಷೆಗೆ ಹೋಗುವ ದಿನ ಅಪ್ಪ ಅಂಗಡಿಯ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುವುದು ಬೇಡ.

ರಿಪೋರ್ಟ್ ಕೈಗೆ ಬಂದಾಗ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆಯ ಮಾನ ನೋಡಿ. ಕೆಲವರು ಡೆಸಿಲೀಟರ್‌ಗೆ (ಲೀಟರಿನ ಹತ್ತನೇ ಒಂದು ಭಾಗಕ್ಕೆ) ಮೈಕ್ರೋಗ್ರಾಂ ಎಂದು ಬರೆಯುತ್ತಾರೆ, ಕೆಲವರು ಲೀಟರ್‌ಗೆ. ಲೀಟರ್‌ಗೆ 50 ಅಂದರೆ ಡೆಸಿಲೀಟರ್‌ಗೆ 5. ಈ ಹತ್ತು ಪಟ್ಟಿನ ಗೊಂದಲದಲ್ಲಿ ಸುಮ್ಮನೆ ಗಾಬರಿಯಾದವರೂ ಇದ್ದಾರೆ, ಸುಮ್ಮನೆ ನಿರಾಳವಾದವರೂ ಇದ್ದಾರೆ.

ಮಗುವಿಗೆ ಸೀಸ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಡೆಯಿರಿ ಎನ್ನುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದೇ ವರ್ಷ ತನ್ನ ಅಳತೆಯನ್ನು 3.5ಕ್ಕೆ ಇಳಿಸಿತು. 45 ದಾಟಿದರೆ ಮನೆಯಲ್ಲಿ ಕೂತು ಯೋಚಿಸುವ ಮಾತಿಲ್ಲ, ಅಂದೇ ದೊಡ್ಡ ಆಸ್ಪತ್ರೆಗೆ. ಲೋಹ ತೆಗೆಯುವ ಔಷಧಿಯ ಲೆಕ್ಕ ಶುರುವಾಗುವುದೇ ಅಲ್ಲಿಂದ. ಅದಕ್ಕಿಂತ ಕೆಳಗಿದ್ದರೆ ಮೂಲ ತಡೆಯುವುದೇ ಚಿಕಿತ್ಸೆ, ಮರುಪರೀಕ್ಷೆ ಯಾವಾಗ ಎಂದು ವೈದ್ಯರು ಅಂಕಿ ನೋಡಿ ಹೇಳುತ್ತಾರೆ. ರಕ್ತದ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಬೇಕು. ಎಲುಬಿನಲ್ಲಿ ಕೂತದ್ದು ವರ್ಷಗಟ್ಟಲೆ ಇರುತ್ತದೆ. ಹಾಗಾಗಿ ವಾರಕ್ಕೊಮ್ಮೆ ರಕ್ತ ತೆಗೆಸಿ ಮಗುವನ್ನು ಗೋಳಾಡಿಸಿ ಫಲವಿಲ್ಲ.

ಸಿರಪ್ ಮಾತ್ರ ತಪ್ಪಿಸಬೇಡಿ. ಮೈಯಲ್ಲಿ ಕಬ್ಬಿಣ ಕಡಿಮೆಯಿದ್ದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ರಕ್ತಹೀನತೆಯಿರುವ ಮಗು ಮಣ್ಣು ತಿನ್ನುತ್ತದೆ, ಆ ಮಣ್ಣಿನಿಂದಲೇ ಮತ್ತಷ್ಟು ಸೀಸ. ಇದೇ ಸುತ್ತು. ಸಿರಪ್ ಹಾಲಿನ ಜೊತೆ, ಚಹಾದ ಜೊತೆ ಬೇಡ, ಅವು ಕಬ್ಬಿಣ ಹೀರಲು ಬಿಡುವುದಿಲ್ಲ.

ರಿಪೋರ್ಟ್ ಬರುವ ತನಕ ಕಾಯದೆ ಮಾಡಬೇಕಾದ್ದು: ನಿಮ್ಮವರು ಅಂಗಡಿಯಲ್ಲೇ ಸ್ನಾನ ಮಾಡಿ ಬಟ್ಟೆ, ಚಪ್ಪಲಿ ಬದಲಿಸಿ ಬರಲಿ. ಅದು ಆಗದಿದ್ದರೆ ಬಾಗಿಲ ಹೊರಗೇ ಕಳಚಲಿ. ಆ ಬಟ್ಟೆ ಬೇರೆ ಬಕೆಟ್‌ಗೆ. ಮನೆ ಕಸಬರಿಗೆಯಲ್ಲಿ ಗುಡಿಸಿದರೆ ಧೂಳು ಎದ್ದು ಮತ್ತೆ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ಲೇಟ್ ಕರಗಿಸುವ ಕೆಲಸ ಮನೆ ಹಿತ್ತಲಲ್ಲಿ ನಡೆಯುತ್ತಿದ್ದರೆ ಅದು ಇವತ್ತೇ ನಿಲ್ಲಬೇಕು. ಮಗುವಿನ ರಕ್ತ ಕೊಡುವ ದಿನವೇ ಅಪ್ಪನ ರಕ್ತವನ್ನೂ ಪರೀಕ್ಷೆಗೆ ಕೊಡಿ. ಮಗುವಿನ ಕಣ್ಣಿಗೆ ಸುರ್ಮಾ, ಭಸ್ಮದ ಔಷಧಿ, ಹೊಸದಾಗಿ ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ ಹುಣಸೆಹುಳಿ ಸಾರು, ಇವೇನಾದರೂ ಇದ್ದರೆ ವೈದ್ಯರಿಗೆ ತಿಳಿಸಿ. ತವರಕ್ಕೆ ಸೀಸ ಬೆರೆಸಿದ ಕಲಾಯಿಯಿದ್ದರೆ ಹುಳಿ ಅದನ್ನು ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಮಗಳಿಗೆ ಒಂಬತ್ತು ವರ್ಷ, ಹೊಸ ಹಲ್ಲುಗಳ ಮೇಲೆ ಕಂದು ಗೆರೆ. ರಕ್ತದಲ್ಲಿ ಲೋಹಗಳ ಪರೀಕ್ಷೆ ಮಾಡಿಸಿದೆವು, ಎಲ್ಲ ನಾರ್ಮಲ್. ಮೂತ್ರವನ್ನೂ ಕೊಡಬೇಕೆ?
— ಓದುಗರು, ಚಳ್ಳಕೆರೆ

ಉತ್ತರ: ಮಗಳದ್ದಲ್ಲ, ಮೊದಲು ನೀರಿನ ಪರೀಕ್ಷೆ ಮಾಡಿಸಿ. ನಿಮ್ಮ ಕಡೆ, ಜಗಳೂರು ಕಡೆ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹಳೇ ಕಾಟ, ಹಲ್ಲಿನ ಕಂದು ಗೆರೆ ಅದರಿಂದಲೂ ಬೀಳುತ್ತದೆ. ಫ್ಲೋರೈಡ್ ಲೋಹವಲ್ಲ, ಲೋಹಗಳ ಪಟ್ಟಿಯಲ್ಲಿ ಅದು ಸಿಗುವುದೇ ಇಲ್ಲ. ಗಾಜಿನ ಬಾಟಲಿ ಬಿಟ್ಟು ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ಗಲಬರಿಸಿ ತುಂಬಿ ಕೊಡಿ. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದ ಕಡೆ 1.5ರ ತನಕ ಕುಡಿಯುವ ನೀರಿನ ಭಾರತೀಯ ಮಾನಕ ಒಪ್ಪುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದೇ ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಆರ್‌ಒ ನೀರು ತನ್ನಿ.

ಗೆರೆ ಬಿದ್ದದ್ದು ಹಲ್ಲು ಒಳಗೆ ರೂಪುಗೊಳ್ಳುವಾಗ, ನೀರು ಬದಲಿಸಿದರೆ ಅಳಿಯದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಹಲ್ಲು ಉಳಿಯುತ್ತದೆ.

ನೀರಿನ ರಿಪೋರ್ಟಿನಲ್ಲಿ ಆರ್ಸೆನಿಕ್ ಲೀಟರ್‌ಗೆ 0.01 ಮಿಲಿಗ್ರಾಂ ಮೀರಿದರೆ ಆಗ ಮೂತ್ರ ಕೊಡಿ. ಆರ್ಸೆನಿಕ್ ರಕ್ತದಲ್ಲಿ ಕೆಲವು ಗಂಟೆ ಮಾತ್ರ ನಿಲ್ಲುತ್ತದೆ. ಮೂತ್ರ ಕೊಡುವ ಮುಂಚೆ ಐದು ದಿನ ಸಮುದ್ರದ ಮೀನು, ಸಿಗಡಿ, ಒಣಮೀನು ಬೇಡ. ಅವುಗಳಲ್ಲಿರುವ ನಿರುಪದ್ರವಿ ಆರ್ಸೆನಿಕ್ ಕೂಡ ಒಟ್ಟು ಲೆಕ್ಕಕ್ಕೆ ಸೇರಿಬಿಡುತ್ತದೆ.

ಪ್ರಶ್ನೆ: ಥರ್ಮಾಮೀಟರ್ ಕಚ್ಚಿ ಒಡೆದು ಮಗು ಪಾದರಸ ನುಂಗಿದೆ. ರಕ್ತ ಪರೀಕ್ಷೆ ಬೇಕೆ?
— ಓದುಗರು, ಹೊಳಲ್ಕೆರೆ

ಉತ್ತರ: ಸಾಮಾನ್ಯವಾಗಿ ಬೇಡ. ನುಂಗಿದ ಪಾದರಸ ಕರುಳಲ್ಲಿ ಹೆಚ್ಚೂಕಡಿಮೆ ಹೀರಲ್ಪಡುವುದೇ ಇಲ್ಲ, ಮಲದಲ್ಲಿ ಹೋಗುತ್ತದೆ. ಗಾಜಿನ ಚೂರಿಗಾಗಿ ಮಾತ್ರ ಬಾಯಿ, ಗಂಟಲು ವೈದ್ಯರಿಗೆ ತೋರಿಸಿ. ಭಯ ಪಡಬೇಕಾದ್ದು ನೆಲಕ್ಕೆ ಬಿದ್ದ ಹನಿಗೆ, ಅದರ ಆವಿ ಉಸಿರಲ್ಲಿ ಹೋಗುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ. ಹನಿಗಳನ್ನು ಎರಡು ದಪ್ಪ ರಟ್ಟಿನಿಂದ ಒಟ್ಟು ಮಾಡಿ ಮುಚ್ಚಳದ ಡಬ್ಬಿಗೆ ಹಾಕಿ. ಕಸಬರಿಗೆ, ವ್ಯಾಕ್ಯೂಮ್ ಕ್ಲೀನರ್ ಮುಟ್ಟಬೇಡಿ.